ಮಸಿಯ ಗುಟ್ಟು ಬಿಚ್ಚಿಟ್ಟ ಕಾಣದ ಬೆಳಕು

ಬಿಳಿ ಕಾಗದದ ಮೂಲಕ ಗಾಳಿ ಎಳೆದು, ಮೂಡಿದ ಕಲೆ ಎಷ್ಟು ಕಪ್ಪಗಿದೆ ಎಂದು ನೋಡುವುದು: ಊರಿನ ಹೊಗೆಯನ್ನು ಬ್ರಿಟನ್ನಿನಲ್ಲಿ ದಶಕಗಳ ಕಾಲ ಅಳೆದದ್ದು ಹೀಗೆ. 1952ರ ಲಂಡನ್ ಹೊಗೆಮಂಜು ಸಾವಿರಾರು ಜನರನ್ನು ಬಲಿ ಪಡೆಯಿತು. ನಾಲ್ಕು ವರ್ಷದಲ್ಲಿ ಕಾಯ್ದೆ ಬಂತು, ಕಲ್ಲಿದ್ದಲ ಹೊಗೆ ಇಳಿಯುತ್ತ ಹೋಯಿತು. ಮಸಿ ಹಳೇ ಕಾಲದ ಪೀಡೆ ಎಂಬ ಭಾವನೆ ಬಲಿಯಿತು.

ಅದನ್ನು ಒಪ್ಪದವರು ಟಿಹೊಮಿರ್ ನೊವಾಕೊವ್. ಯುಗೊಸ್ಲಾವಿಯಾದಿಂದ ಅಮೆರಿಕಕ್ಕೆ ಹೋಗಿ ಬರ್ಕ್ಲಿಯ ಲಾರೆನ್ಸ್ ಪ್ರಯೋಗಾಲಯ ಸೇರಿದ್ದ ಈ ಭೌತವಿಜ್ಞಾನಿ, ಕ್ಯಾಲಿಫೋರ್ನಿಯಾದ ಮಬ್ಬಿನಲ್ಲೂ ಮಸಿಯಿದೆ ಎಂದು 1970ರ ದಶಕದಲ್ಲಿ ತೋರಿಸಿದರು. ಕಲೆಯನ್ನು ಕಣ್ಣಳತೆಗೆ ಬಿಡದೆ, ಅದರ ಮೂಲಕ ಬೆಳಕು ಹಾಯಿಸಿ ಎಷ್ಟು ಕುಂದಿತೆಂದು ಎಣಿಸಿದ್ದು ಅವರ ತಂಡದ ಜಾಣತನ. 1984ರಲ್ಲಿ ಹ್ಯಾನ್ಸೆನ್, ರೋಸೆನ್ ಮತ್ತು ನೊವಾಕೊವ್ ಇದೇ ಕೆಲಸವನ್ನು ತಾನಾಗಿಯೇ ಮಾಡುವ ಯಂತ್ರವನ್ನು ವರ್ಣಿಸಿದರು. ಅದೇ ಏಥಲೋಮೀಟರ್.

ಯಾವ ಬೆಳಕು ಎಂಬುದರಲ್ಲೇ ಇದರ ಸ್ವಾರಸ್ಯವಿದೆ. ಸೌದೆ ಹೊಗೆಯ ಕಂದು ಕಣಗಳು, ದೂಳು ಎಲ್ಲವೂ ನೀಲಿ ಮತ್ತು ಅತಿನೇರಳೆ ಬೆಳಕನ್ನು ಅಷ್ಟಿಷ್ಟು ಹೀರುತ್ತವೆ. ಆ ಗದ್ದಲದಲ್ಲಿ ಮಸಿಯ ಪಾಲು ಬೇರ್ಪಡಿಸುವುದು ಕಷ್ಟ. ಕಣ್ಣಿಗೆ ಕಾಣುವ ಕೆಂಪನ್ನು ದಾಟಿ ಅವಕೆಂಪಿಗೆ ಬಂದರೆ ಉಳಿದವು ಹೆಚ್ಚೂಕಡಿಮೆ ಕೈಚೆಲ್ಲುತ್ತವೆ. ಮಸಿ ಮಾತ್ರ ಅಲ್ಲಿಯೂ ಹೀರುತ್ತಲೇ ಇರುತ್ತದೆ. ಹಾಗಾಗಿ ಏಳು ತರಂಗಾಂತರಗಳ ಬೆಳಕು ಬಳಸುವ ಯಂತ್ರಗಳಲ್ಲೂ ಮಸಿಯ ಲೆಕ್ಕಕ್ಕೆ ಆಧಾರ 880 ನ್ಯಾನೊಮೀಟರ್‌ನ ಅವಕೆಂಪು ದೀಪ. ದೋಷವಿಲ್ಲವೆಂದಲ್ಲ: ಕಲೆ ದಟ್ಟವಾದಷ್ಟೂ ಯಂತ್ರ ಕಡಿಮೆ ತೋರಿಸುತ್ತದೆ. ಅದನ್ನು ತಿದ್ದುವ ಸೂತ್ರಗಳ ಬಗ್ಗೆ ಪಂಡಿತರ ಜಗಳ ವರ್ಷಗಟ್ಟಲೆ ನಡೆಯಿತು.

ಈ ಯಂತ್ರ ಬೆಂಗಳೂರಿಗೂ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಕೆ. ಸತೀಶ್, ತಿರುವನಂತಪುರದ ಬಾಬು ಮತ್ತು ಕೃಷ್ಣಮೂರ್ತಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಬೆಚ್ಚಿಬೀಳಿಸುವಂತಿತ್ತು. ಗಾಳಿಯ ಕಣಗಳ ತೂಕದಲ್ಲಿ ಮಸಿಯ ಪಾಲು ಸುಮಾರು ಶೇಕಡ 11. ನೆಲಕ್ಕೆ ತಲುಪುವ ಬಿಸಿಲು ಕಣಗಳಿಂದಾಗಿ ಚದರ ಮೀಟರಿಗೆ 23 ವಾಟ್ ಕುಗ್ಗಿತ್ತು. ಹಾಗೆಂದು ಊರು ತಂಪಾಯಿತೆಂದು ಸಮಾಧಾನಪಡುವಂತಿರಲಿಲ್ಲ. ಮಸಿ ಹೀರಿದ ಬಿಸಿಲಿನ ಶಾಖ ನಡುವಿನ ಗಾಳಿಯಲ್ಲೇ ಸಿಕ್ಕಿಕೊಂಡು ಅದನ್ನು ಕಾಯಿಸುತ್ತಿತ್ತು.

ಭೂಮಿಯನ್ನು ಕಾಯಿಸುವ ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ಉಳಿಯುತ್ತದೆ. ಮಸಿ ಗಾಳಿಯಲ್ಲಿರುವುದು ಹೆಚ್ಚೆಂದರೆ ಒಂದೆರಡು ವಾರ. ಡೀಸೆಲ್ ಹೊಗೆ ಮತ್ತು ಕಸ ಸುಡುವುದನ್ನು ತಡೆದರೆ ಫಲ ಕಾಣಲು ಮೊಮ್ಮಕ್ಕಳ ಕಾಲದವರೆಗೆ ಕಾಯಬೇಕಿಲ್ಲ.