ಹಾರಿದ ಅಂಕಿಯನ್ನು ಯಾರೂ ನೋಡಿರಲಿಲ್ಲ

1999ರ ಏಪ್ರಿಲ್ 30. ಅಮೆರಿಕದ ಕೇಪ್ ಕೆನವೆರಲ್‌ನಿಂದ ಟೈಟನ್ 4ಬಿ ರಾಕೆಟ್ ಮಿಲ್‌ಸ್ಟಾರ್ ಎಂಬ ಸೇನಾ ಸಂಪರ್ಕ ಉಪಗ್ರಹವನ್ನು ಹೊತ್ತು ಮೇಲೇರಿತು. ಕೆಳಗಿನ ಹಂತಗಳು ತಮ್ಮ ಕೆಲಸ ಮುಗಿಸಿ ಕಳಚಿಕೊಂಡವು. ಎಡವಟ್ಟಾಗಿದ್ದು ತುದಿಯ ಸೆಂಟಾರ್ ಹಂತದ ಸರದಿ ಬಂದಾಗ. ಅದು ತನ್ನ ಅಕ್ಷದ ಸುತ್ತ ಉರುಳತೊಡಗಿತು. ಹತೋಟಿಗೆ ಬರಲು ಹೆಣಗಿ ಹೆಣಗಿ, ಅದಕ್ಕೆಂದೇ ಇಟ್ಟಿದ್ದ ಇಂಧನವನ್ನೆಲ್ಲ ಸುಟ್ಟುಕೊಂಡಿತು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ನೆಲೆಗೊಳ್ಳಬೇಕಿದ್ದ ಉಪಗ್ರಹ ಯಾವ ಕೆಲಸಕ್ಕೂ ಬಾರದ ತಗ್ಗಿನ ಕಕ್ಷೆಯಲ್ಲಿ ಉಳಿಯಿತು. ನಷ್ಟ ನೂರು ಕೋಟಿ ಡಾಲರಿಗೂ ಹೆಚ್ಚು.

ತನಿಖೆಯಲ್ಲಿ ಸಿಕ್ಕಿದ್ದು ಒಂದೇ ಒಂದು ಅಂಕಿ. -1.992476 ಎಂದಿರಬೇಕಾದ ಕಡೆ ಯಾರದೋ ಕೈ -0.1992476 ಎಂದು ನಮೂದಿಸಿತ್ತು. ದಶಮಾಂಶ ಬಿಂದು ಒಂದು ಮನೆ ಜಾರಿದ್ದರಿಂದ, ರಾಕೆಟ್ ಎಷ್ಟು ವೇಗವಾಗಿ ಉರುಳುತ್ತಿದೆ ಎಂಬುದು ಅದರ ಕಂಪ್ಯೂಟರಿಗೇ ಸರಿಯಾಗಿ ತಿಳಿಯದಾಯಿತು.

ಇದನ್ನು ಯಾರೂ ಪರೀಕ್ಷಿಸಿರಲಿಲ್ಲವೇ? ಪರೀಕ್ಷಿಸಿದ್ದರು. ರಾಕೆಟ್ಟನ್ನು ಕಂಪ್ಯೂಟರಿನೊಳಗೆ ಹಾರಿಸಿ ನೋಡುವ ಸಿಮ್ಯುಲೇಶನ್ ನಡೆದಿತ್ತು. ತಂತ್ರಾಂಶ ಬರೆದವರನ್ನು ಬಿಟ್ಟು ಬೇರೊಂದು ಸಂಸ್ಥೆಯ ಸ್ವತಂತ್ರ ಪರಿಶೀಲನೆಯೂ ಆಗಿತ್ತು. ಆದರೆ ಅವರೆಲ್ಲ ಬಳಸಿದ್ದು ಮೊದಲೇ ಇಟ್ಟುಕೊಂಡಿದ್ದ ಮಾದರಿ ಅಂಕಿಗಳನ್ನು. ರಾಕೆಟ್ಟಿಗೆ ತುಂಬಿದ ಕಡತದ ಅಂಕಿಗಳನ್ನು ಇಟ್ಟುಕೊಂಡು ಯಾರೂ ಹಾರಿಸಿ ನೋಡಿರಲಿಲ್ಲ. ಇನ್ನೂ ಸಂಕಟದ ವಿಷಯವೆಂದರೆ, ಆ ಅಂಕಿ ಸೇರಿದ್ದ ಫಿಲ್ಟರ್, ಅಂದರೆ ಉರುಳುವಿಕೆಯ ಅಳತೆಯನ್ನು ಸೋಸುವ ತಂತ್ರಾಂಶದ ಭಾಗವೇ ಈ ಸರಣಿಯ ಉಪಗ್ರಹಗಳಿಗೆ ಬೇಕಿಲ್ಲ ಎಂದು ಹಿಂದೆಯೇ ಗೊತ್ತಾಗಿತ್ತು. ಎಲ್ಲ ಒಂದೇ ರೀತಿ ಇರಲಿ ಎಂದು ಉಳಿಸಿಕೊಂಡಿದ್ದರು.

ಸುಳಿವು ಸಿಕ್ಕಿಯೂ ಇತ್ತು. ಉಡಾವಣಾ ವೇದಿಕೆಯ ಮೇಲೆ ಕದಲದೆ ನಿಂತ ರಾಕೆಟ್ ಕೂಡ ಭೂಮಿಯ ಜೊತೆ ತಿರುಗುತ್ತಿರುತ್ತದೆ. ಆ ತಿರುಗುವಿಕೆಯನ್ನು ಅದರ ಉಪಕರಣಗಳು ಗುರುತಿಸಲೇಬೇಕು. ಉಡಾವಣೆಗೆ ಒಂದು ವಾರ ಮುಂಚೆಯೇ ಕೇಪ್‌ನ ಎಂಜಿನಿಯರುಗಳಿಗೆ ಆ ಅಳತೆ ತೀರಾ ಕಡಿಮೆ ಇರುವುದು ಕಂಡಿತ್ತು. ಅನುಮಾನ ಫೋನು, ಇಮೇಲ್‌ಗಳಲ್ಲಿ ಓಡಾಡಿತೇ ಹೊರತು ಉಡಾವಣೆಯನ್ನು ನಿಲ್ಲಿಸಬಲ್ಲವರ ಮೇಜಿಗೆ ತಲುಪಲಿಲ್ಲ.

ನಿಜವಾದ ಸ್ವತಂತ್ರ ಪರಿಶೀಲನೆಯಲ್ಲಿ ಎರಡನೇ ತಂಡ ತನ್ನದೇ ಪ್ರೋಗ್ರಾಂ ಬರೆದುಕೊಳ್ಳುತ್ತದೆ. ತೂಕ, ನೂಕುಬಲ, ಗಾಳಿ ಎಲ್ಲವನ್ನೂ ಹಾರಾಟಕ್ಕೆ ಬಳಸುವ ಅದೇ ಅಂಕಿಗಳಿಂದ ಲೆಕ್ಕಹಾಕಿ, ಎರಡೂ ಹಾರುಹಾದಿಗಳನ್ನು ಒಂದರ ಮೇಲೊಂದಿಟ್ಟು ಹೋಲಿಸುತ್ತದೆ. ಆ ಪ್ರೋಗ್ರಾಂಗಳನ್ನೇ ಒರೆಗೆ ಹಚ್ಚಲು ನಾಸಾ 2015ರಲ್ಲಿ ಒಂದಷ್ಟು ಮಾದರಿ ಲೆಕ್ಕಗಳನ್ನು ಪ್ರಕಟಿಸಿತು. ಅವು ಶುರುವಾಗುವುದು ಬೀಳುವ ಗುಂಡಿನಿಂದ, ಗಿರಕಿ ಹೊಡೆಯುವ ಇಟ್ಟಿಗೆಯಿಂದ. ಎರಡು ಹಂತದ ರಾಕೆಟ್ ಬರುವುದು ಆಮೇಲೆ. ಇಟ್ಟಿಗೆಯ ಉತ್ತರವೇ ಹೊಂದದಿದ್ದರೆ ರಾಕೆಟ್ಟಿನ ಉತ್ತರವನ್ನು ನಂಬುವುದು ಹೇಗೆ?

ಈ ಲೆಕ್ಕಗಳಲ್ಲಿ ಕೆಳಗೆ ವಾಸಿಸುವ ಜನರೂ ಸೇರಿದ್ದಾರೆ. ರಾಕೆಟ್ ಸಿಡಿದರೆ ಚೂರುಗಳು ಎಲ್ಲಿ ಬೀಳುತ್ತವೆ, ಯಾವ ಗೆರೆ ದಾಟಿದರೆ ಅದನ್ನು ನಾಶಪಡಿಸಬೇಕು ಎಂಬುದೆಲ್ಲ ಸಿಮ್ಯುಲೇಶನ್‌ನಿಂದಲೇ ತೀರ್ಮಾನವಾಗುತ್ತದೆ.

2018ರ ಜನವರಿ 25ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಹೊರಟ ಏರಿಯಾನ್ 5 ರಾಕೆಟ್, ಹೋಗಬೇಕಾದ ದಿಕ್ಕಿಗಿಂತ ಸುಮಾರು 20 ಡಿಗ್ರಿ ಬದಿಗೆ ಸರಿದು, ಯೋಜಿಸಿದ್ದಕ್ಕಿಂತ ಕೂರೂ ಪಟ್ಟಣಕ್ಕೆ ಹತ್ತಿರದಲ್ಲಿ ಹಾರಿತು. 9 ನಿಮಿಷ 26 ಸೆಕೆಂಡಿನ ಬಳಿಕ ಸಂಪರ್ಕವೇ ಕಡಿಯಿತು, ಏಕೆಂದರೆ ಬ್ರೆಜಿಲ್‌ನ ನಟಾಲ್‌ ಕೇಂದ್ರದ ಆಂಟೆನಾ ಹುಡುಕುತ್ತಿದ್ದ ಜಾಗದಲ್ಲಿ ರಾಕೆಟ್ ಇರಲೇ ಇಲ್ಲ. ಸ್ವತಂತ್ರ ಆಯೋಗ ಪತ್ತೆಹಚ್ಚಿದ ಕಾರಣ: ದಿಕ್ಸೂಚಕ ಘಟಕಗಳಿಗೆ ಕೊಟ್ಟ ಆರಂಭಿಕ ಕೋನ. ಆ ಹಾರಾಟಕ್ಕೆ 70 ಡಿಗ್ರಿ ಬೇಕಿತ್ತು, ದಾಖಲಾಗಿದ್ದು ಎಂದಿನ 90. ವಾಡಿಕೆಯ ತಪಾಸಣೆಗಳಿಗೆ ಅದು ಅಸಹಜವಾಗಿ ಕಾಣಲಿಲ್ಲ. ರಾಕೆಟ್ ಹೊತ್ತಿದ್ದ ಎರಡೂ ಉಪಗ್ರಹಗಳು ಸ್ವಂತ ಇಂಧನ ಸುಟ್ಟು ನಿಗದಿತ ಕಕ್ಷೆ ಸೇರಿದವು. ಹಾರಾಟದ ಅಂಕಿಗಳ ತಪಾಸಣೆಯನ್ನು ಬಿಗಿಗೊಳಿಸಿ ಎಂದು ಆಯೋಗ ಹೇಳಿತು; ಏರಿಯಾನ್ 5 ಮತ್ತೆ ಹಾರಿದ್ದು ಏಪ್ರಿಲ್ 5ರಂದು.