ಎರಡು ಠಾಣೆ, ಒಂದು ಕೇಸು: ಪತ್ತೇದಾರಿ ಧಾರಾವಾಹಿಗಳ ಮಹಾಸಂಗಮ

ಸೌಗಂಧಿಕಾ ಹೂವು ತರಲು ಹೊರಟ ಭೀಮನಿಗೆ ಕಾಡಿನ ದಾರಿಯಲ್ಲಿ ಒಂದು ಮುದಿ ಕೋತಿ ಅಡ್ಡ ಮಲಗಿರುತ್ತದೆ. ಬಾಲ ಸರಿಸಿ ಹೋಗು ಅನ್ನುತ್ತದೆ. ಭೀಮನಿಗೆ ಅದು ಅಲುಗುವುದಿಲ್ಲ. ಮಲಗಿದ್ದವನು ಹನುಮಂತ. ಅವನು ತ್ರೇತಾಯುಗದವನು, ರಾಮಾಯಣದವನು. ಭೀಮ ದ್ವಾಪರದವನು, ಮಹಾಭಾರತದವನು. ಆದರೂ ಕೇಳುವವರು ಯಾರೂ ಹುಬ್ಬೇರಿಸುವುದಿಲ್ಲ. ಹನುಮಂತ ಚಿರಂಜೀವಿ, ಜೊತೆಗೆ ಇಬ್ಬರೂ ವಾಯುಪುತ್ರರು. ಎರಡು ಕಥೆಗಳು ಕೂಡುವುದಕ್ಕೆ ಬೇಕಾದ ನೆಂಟಸ್ತಿಕೆಯನ್ನು ಕಥೆಯೇ ಮೊದಲಿಂದ ಇಟ್ಟುಕೊಂಡಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ತಾಲೀಮು ನಡೆಸಿ ‘ಕುರುಕ್ಷೇತ್ರ’ ನಾಟಕ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಜುನನ ರಥದ ಬಾವುಟದಲ್ಲಿ ಆಂಜನೇಯ ಏಕಿದ್ದಾನೆ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು.

ಟಿವಿಯವರು ಇದನ್ನೇ ಕ್ರಾಸ್‌ಓವರ್ ಅನ್ನುತ್ತಾರೆ. ಕನ್ನಡ ವಾಹಿನಿಗಳಲ್ಲಿ ಬಳಕೆಗೆ ಬಂದ ಹೆಸರು ಮಹಾಸಂಗಮ. ಒಂದು ಧಾರಾವಾಹಿಯ ಪಾತ್ರಗಳು ಇನ್ನೊಂದರ ಮನೆಗೆ ಬರುತ್ತವೆ, ಕೆಲವು ಸಂಚಿಕೆಗಳ ಕಾಲ ಎರಡೂ ಕಥೆ ಒಂದಾಗಿ ನಡೆಯುತ್ತವೆ, ಆಮೇಲೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಸಂಸಾರದ ಕಥೆಯಲ್ಲಿ ಇದು ಸುಲಭ. ಒಂದು ಮದುವೆಯೋ ಜಾತ್ರೆಯೋ ಸಾಕು. ಪತ್ತೇದಾರಿ ಕಥೆಯಲ್ಲಿ ಹಾಗಲ್ಲ. ಅಲ್ಲಿ ಇಬ್ಬರು ಜಾಣರು ಎದುರಾಗುತ್ತಾರೆ, ಕೊಲೆಗಾರ ಮಾತ್ರ ಒಬ್ಬನೇ. ಹಿಡಿಯುವವರು ಯಾರು? ಇನ್ನೊಬ್ಬ ಪತ್ತೇದಾರನ ಮರ್ಯಾದೆ ಉಳಿಯುವುದು ಹೇಗೆ?

ಈ ತಕರಾರು ಟಿವಿಗಿಂತ ಹಳೆಯದು. 1906ರಲ್ಲಿ ಫ್ರೆಂಚ್ ಲೇಖಕ ಮೊರಿಸ್ ಲೆಬ್ಲಾಂಕ್ ತನ್ನ ಜಾಣಗಳ್ಳ ಆರ್ಸೆನ್ ಲುಪಿನ್‌ನ ಕಥೆಯೊಳಗೆ ಷೆರ್ಲಾಕ್ ಹೋಮ್ಸ್‌ನನ್ನು ಕರೆತಂದ. ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಆಕ್ಷೇಪಿಸಿದ್ದರಿಂದ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಹರ್ಲಾಕ್ ಶೋಲ್ಮ್ಸ್’ ಎಂದು ಬದಲಿಸಬೇಕಾಯಿತು. ಲೆಬ್ಲಾಂಕ್‌ನ ಕಥೆಗಳಲ್ಲಿ ಮೇಲುಗೈ ಸಹಜವಾಗಿಯೇ ಲುಪಿನ್‌ನದು. ಪಾತ್ರದ ಒಡೆತನ ಯಾರದು, ಯಾರ ಮನೆಯಲ್ಲಿ ಯಾರು ಗೆಲ್ಲಬೇಕು ಎಂಬ ಎರಡು ಪ್ರಶ್ನೆಗಳೂ ಅಲ್ಲೇ ಹುಟ್ಟಿಕೊಂಡವು.

ಅಮೆರಿಕದ ಟಿವಿ ಇದಕ್ಕೆ ಕಂಡುಕೊಂಡ ಉತ್ತರಗಳಲ್ಲಿ ಎರಡು ನನಗೆ ಬಹಳ ಇಷ್ಟ. ಮೊದಲನೆಯದು 1986ರದ್ದು. ಹವಾಯಿ ದ್ವೀಪದ ಖಾಸಗಿ ಪತ್ತೇದಾರ ಮ್ಯಾಗ್ನಮ್‌ನ ಊರಿಗೆ ‘ಮರ್ಡರ್, ಶಿ ರೋಟ್’ ಸರಣಿಯ ಜೆಸ್ಸಿಕಾ ಫ್ಲೆಚರ್ ಬರುತ್ತಾಳೆ. ಆಕೆ ವಯಸ್ಸಾದ ಲೇಖಕಿ, ಕೈಯಲ್ಲಿ ಬಂದೂಕಿಲ್ಲ. ಕಥೆ ಮ್ಯಾಗ್ನಮ್‌ನ ಸರಣಿಯಲ್ಲಿ ಶುರುವಾಗಿ ಆಕೆಯ ಸರಣಿಯಲ್ಲಿ ಮುಗಿಯುತ್ತದೆ. ಎರಡನೆಯ ಭಾಗದಲ್ಲಿ ಕೊಲೆಯ ಆಪಾದನೆ ಮ್ಯಾಗ್ನಮ್‌ನ ತಲೆಗೇ ಬರುತ್ತದೆ, ಅವನನ್ನು ಬಿಡಿಸುವುದು ಆಕೆ. ಒಬ್ಬ ಪತ್ತೇದಾರನನ್ನು ಆರೋಪಿಯಾಗಿಸಿದರೆ ಇನ್ನೊಬ್ಬರಿಗೆ ನಿಜವಾದ ಕೆಲಸ ಸಿಗುತ್ತದೆ ಎಂಬ ಈ ಉಪಾಯ ಇವತ್ತಿಗೂ ಹಳತಾಗಿಲ್ಲ.

ಎರಡನೆಯದು 1996ರ ಫೆಬ್ರವರಿಯದ್ದು. ನ್ಯೂಯಾರ್ಕ್ ನಗರದ ಪೊಲೀಸರು ಮತ್ತು ಸರ್ಕಾರಿ ವಕೀಲರ ಕಥೆ ‘ಲಾ ಅಂಡ್ ಆರ್ಡರ್’. ಬಾಲ್ಟಿಮೋರ್ ನಗರದ ಕೊಲೆ ತನಿಖಾ ದಳದ ಕಥೆ ‘ಹೋಮಿಸೈಡ್’. ಒಂದೇ ವಾಹಿನಿ, ಆದರೆ ನಿರ್ಮಾಪಕರು ಬೇರೆ, ಕ್ಯಾಮೆರಾ ಹಿಡಿಯುವ ರೀತಿಯೂ ಬೇರೆ. ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ವಿಷಾನಿಲದ ದಾಳಿ ಆಗುತ್ತದೆ. ಇಂಥದ್ದೇ ಒಂದು ದಾಳಿ ನಮ್ಮೂರಿನ ಚರ್ಚಿನಲ್ಲಿ ಹಿಂದೆ ನಡೆದಿತ್ತು ಎಂದು ಬಾಲ್ಟಿಮೋರಿನ ಪತ್ತೇದಾರರು ಬಂದು ನಿಲ್ಲುತ್ತಾರೆ. ಆಮೇಲಿನ ಸೊಗಸೆಲ್ಲ ಹದ್ದಿನ ಜಗಳದಲ್ಲಿದೆ. ಆರೋಪಿಯನ್ನು ಮೊದಲು ಪ್ರಶ್ನಿಸುವವರು ಯಾರು? ನಮ್ಮ ಠಾಣೆಯಲ್ಲಿ ನಡೆಯುವ ಪದ್ಧತಿ ನಿಮ್ಮಲ್ಲಿ ನಡೆಯುತ್ತದೆಯೇ? ಎರಡು ಊರಿನ ಪೊಲೀಸರು ಪರಸ್ಪರ ಅಳೆದು ನೋಡುವಾಗ, ನಾವು ವಾರವಾರ ನೋಡಿ ಒಪ್ಪಿಕೊಂಡಿದ್ದ ನಾಯಕನನ್ನು ಹೊರಗಿನವರ ಕಣ್ಣಿನಿಂದ ನೋಡುವಂತಾಗುತ್ತದೆ. ಕ್ರಾಸ್‌ಓವರ್ ಕೊಡಬಹುದಾದ ದೊಡ್ಡ ಲಾಭ ಇದೇ ಎಂದು ನನ್ನ ನಂಬಿಕೆ. ತೊಂದರೆಯೂ ಇತ್ತು: ಮೊದಲ ಭಾಗ ಬುಧವಾರ, ಎರಡನೆಯದು ಶುಕ್ರವಾರ. ಒಂದೇ ಸರಣಿ ನೋಡುವವರಿಗೆ ಅರ್ಧ ಕಥೆ.

‘ಹೋಮಿಸೈಡ್’ ಸರಣಿಯಲ್ಲೇ ರಿಚರ್ಡ್ ಬೆಲ್ಜರ್ ನಟಿಸಿದ ಜಾನ್ ಮಂಚ್ ಎಂಬ ಪತ್ತೇದಾರನಿದ್ದ. 1993ರಲ್ಲಿ ಹುಟ್ಟಿದ ಈ ಪಾತ್ರ ತನ್ನ ಸರಣಿ 1999ರಲ್ಲಿ ನಿಂತಾಗ ಸಾಯಲಿಲ್ಲ. ನ್ಯೂಯಾರ್ಕಿಗೆ ವರ್ಗವಾದವನಂತೆ ‘ಲಾ ಅಂಡ್ ಆರ್ಡರ್’ ಬಳಗದ ಇನ್ನೊಂದು ಸರಣಿಗೆ ಹೋಗಿ ಅಲ್ಲಿ 2013ರವರೆಗೆ ಕೆಲಸ ಮಾಡಿತು. ಅದಕ್ಕೂ ಮೊದಲೇ ಬೇರೆ ವಾಹಿನಿಯ ‘ಎಕ್ಸ್ ಫೈಲ್ಸ್’ನಲ್ಲೂ ಮುಖ ತೋರಿಸಿತ್ತು. ಅದೇ ನಟ, ಅದೇ ಹೆಸರು, ಅದೇ ಗೊಣಗುವ ಸ್ವಭಾವ. ಮಂಚ್‌ನನ್ನು ನೆನಪಿಟ್ಟುಕೊಳ್ಳಿ, ನಮ್ಮ ಕನ್ನಡಕ್ಕೆ ಬಂದಾಗ ಬೇಕಾಗುತ್ತಾನೆ.

ಭಾರತದಲ್ಲಿ ಈ ಆಟ ಆಡಿದ್ದು ಸೋನಿ ವಾಹಿನಿಯ ‘ಸಿಐಡಿ’. 1998ರ ಜನವರಿಯಲ್ಲಿ ಶುರುವಾಗಿ 2018ರವರೆಗೆ ನಡೆದ ಈ ಸರಣಿಯನ್ನು ನಮ್ಮ ಕಡೆಯ ಹುಡುಗರು ಹಿಂದಿಯಲ್ಲೇ ನೋಡಿದರು. ಕನ್ನಡದಲ್ಲಿ ಡಬ್ಬಿಂಗಿಗೆ ದಶಕಗಳ ಕಾಲ ತಡೆಯಿತ್ತು. ಆ ಅಘೋಷಿತ ನಿಷೇಧದ ವಿರುದ್ಧ ಸ್ಪರ್ಧಾ ಆಯೋಗದ ಆದೇಶ ಬಂದದ್ದು 2015ರಲ್ಲಿ. ಸಿಐಡಿ ತಂಡದ ಎಸಿಪಿ ಪ್ರದ್ಯುಮ್ನನ ಮಾತು ಪೂರ್ತಿ ತಿಳಿಯದಿದ್ದರೂ ಬಾಗಿಲು ಒಡೆಯುವ ದಯಾ ಮಾತ್ರ ಎಲ್ಲರಿಗೂ ತಿಳಿದ. ಆ ಪಾತ್ರದ ದಯಾನಂದ ಶೆಟ್ಟಿ ಉಡುಪಿ ಕಡೆಯವರು. 2012ರಲ್ಲಿ ಅದೇ ವಾಹಿನಿಯ ‘ಅದಾಲತ್’ನ ವಕೀಲ ಕೆ.ಡಿ. ಪಾಠಕ್‌ನನ್ನು ಸಿಐಡಿ ತಂಡದ ಎದುರು ನಿಲ್ಲಿಸಿದರು, 2014ರಲ್ಲಿ ಮತ್ತೊಮ್ಮೆ. ಇಬ್ಬರು ಪತ್ತೇದಾರರ ಬದಲು ಪೊಲೀಸ್ ಮತ್ತು ವಕೀಲರನ್ನು ಎದುರುಬದುರು ನಿಲ್ಲಿಸಿದ್ದು ಜಾಣತನ. ಒಬ್ಬರ ಕೆಲಸ ಆರೋಪ ಹೊರಿಸುವುದು, ಇನ್ನೊಬ್ಬರದು ಅದನ್ನು ಅಲುಗಾಡಿಸುವುದು. ಜಗಳ ಹುಟ್ಟುಹಾಕುವ ಅಗತ್ಯವೇ ಇಲ್ಲ, ಕಸುಬಿನಲ್ಲೇ ಇದೆ. 2014ರಲ್ಲಿ ‘ತಾರಕ್ ಮೆಹ್ತಾ’ದ ಹಾಸ್ಯ ಬಳಗದ ಜೊತೆಗೂ ಸಿಐಡಿ ಸೇರಿತು. ಅದು ಪ್ರಚಾರಕ್ಕೆ ಆದ ಸಂಬಂಧ, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಕನ್ನಡದಲ್ಲಿ ಮಹಾಸಂಗಮಗಳಿಗೆ ಬರವಿಲ್ಲ. ಎರಡು ಧಾರಾವಾಹಿಗಳ ಅರ್ಧರ್ಧ ಗಂಟೆಯನ್ನು ಕೂಡಿಸಿ ಒಂದು ಗಂಟೆ ಮಾಡುವುದು, ಹೆಚ್ಚು ಜನ ನೋಡುವ ಧಾರಾವಾಹಿಯ ಕೈಹಿಡಿದು ಹೊಸದನ್ನು ಮನೆಮನೆಗೆ ಮುಟ್ಟಿಸುವುದು ಇದರ ಲೆಕ್ಕಾಚಾರ. ಕಲರ್ಸ್ ಕನ್ನಡದ ‘ಭಾಗ್ಯಲಕ್ಷ್ಮೀ’ 2022ರಲ್ಲಿ ಶುರುವಾಯಿತು. ಅದರ ನಾಯಕಿಯ ತಂಗಿಯ ಕಥೆ 2023ರಲ್ಲಿ ‘ಲಕ್ಷ್ಮೀ ಬಾರಮ್ಮ’ ಎಂಬ ಬೇರೆ ಧಾರಾವಾಹಿಯಾಯಿತು. ಅಕ್ಕತಂಗಿಯರು ಒಬ್ಬರ ಮನೆಗೊಬ್ಬರು ಬರುವುದಕ್ಕೆ ನೆಪ ಹುಡುಕಬೇಕಾಗಿಲ್ಲವಾದ್ದರಿಂದ ಈ ಸಂಗಮ ಹೊಂದಿಕೊಂಡಿತು.

ಪತ್ತೇದಾರರ ಸಂಗಮ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ. ಪತ್ತೇದಾರಿಯ ರುಚಿ ಇಲ್ಲವೆಂದಲ್ಲ. ನಾಲ್ಕನೆಯ ತರಗತಿಯವರೆಗೆ ಓದಿದ್ದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದು, ‘ಪತ್ತೇದಾರ ಪುರುಷೋತ್ತಮ’ನ ಮೂಲಕ ಎಷ್ಟೋ ಜನರಿಗೆ ಕನ್ನಡ ಓದುವ ಚಟ ಹಿಡಿಸಿದ್ದರು. ಡಾ. ರಾಜ್‌ಕುಮಾರ್ ಅವರ ಸಿಐಡಿ 999 ಪಾತ್ರ 1968ರ ‘ಜೇಡರ ಬಲೆ’ಯಿಂದ ಶುರುವಾಗಿ ಹಲವು ಚಿತ್ರಗಳಿಗೆ ಸಾಗಿತು. ತೊಡಕಿರುವುದು ಟಿವಿಯ ನಡೆಯಲ್ಲಿ. ವಾರಕ್ಕೆ ಐದಾರು ದಿನ ಬರುವ ಧಾರಾವಾಹಿಗೆ ಮುಗಿಯದ ಕಥೆ ಬೇಕು, ಪತ್ತೇದಾರಿ ಕಥೆಗೋ ಮುಗಿತಾಯವೇ ಪ್ರಾಣ. ಹಾಗಾಗಿ ಅಪರಾಧ ನಮ್ಮ ಟಿವಿಗೆ ನಿರೂಪಕರ ಬಾಯಲ್ಲಿ ಬಂತು: ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆಯವರ ‘ಕ್ರೈಂ ಡೈರಿ’, ಉದಯ ಟಿವಿಯಲ್ಲಿ ‘ಕ್ರೈಂ ಸ್ಟೋರಿ’, ಆಮೇಲೆ ಬಿಡಿ ಕಥೆಗಳ ‘ಶಾಂತಂ ಪಾಪಂ’. ಒಂದು ಪ್ರಕರಣದಿಂದ ಮತ್ತೊಂದಕ್ಕೆ ನಡೆದು ಬರುವ ಪತ್ತೇದಾರನೇ ಅಪರೂಪವಾದ ಮೇಲೆ ಅವನು ನೆರೆಮನೆಯ ಕಥೆಗೆ ಹೋಗುವುದೆಲ್ಲಿ?

ಆ ಜಾಗ ತುಂಬಿದ್ದು ಒಬ್ಬ ವಕೀಲ. ಟಿ.ಎನ್. ಸೀತಾರಾಂ ಅವರು ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಗಡಿಗೆ ಹೊಂದಿಕೊಂಡ ಗೌರಿಬಿದನೂರು ಸೀಮೆಯವರು, ಕಾನೂನು ಓದಿದವರು. ಅವರು ನಿರ್ದೇಶಿಸಿ ತಾವೇ ನಟಿಸಿದ ಧಾರಾವಾಹಿಗಳ ಸಿ.ಎಸ್.ಪಿ. ಎಂಬ ಲಾಯರ್ ಪಾತ್ರ ‘ಮುಕ್ತ ಮುಕ್ತ’ದಲ್ಲೂ ಇದೆ, ಎಷ್ಟೋ ವರ್ಷಗಳ ನಂತರ 2018ರಲ್ಲಿ ಬೇರೆ ಕಥೆ, ಬೇರೆ ಕುಟುಂಬಗಳ ‘ಮಗಳು ಜಾನಕಿ’ಯಲ್ಲೂ ಇದೆ. ಜಾಹೀರಾತಿನ ಅಬ್ಬರವಿರಲಿಲ್ಲ, ಮಹಾಸಂಗಮ ಎಂಬ ಪಟ್ಟಿಯೂ ಇರಲಿಲ್ಲ. ಕರಿ ಕೋಟು ತೊಟ್ಟು ಸಿ.ಎಸ್.ಪಿ. ಎದ್ದು ನಿಂತರೆ ನೋಡುವವರಿಗೆ ಹಳೆಯ ಪರಿಚಯದವರು ಬಂದಂತೆ ಧೈರ್ಯ ಬರುತ್ತಿತ್ತು. ಸಾಕ್ಷಿಯನ್ನು ಮೆಲ್ಲಗೆ ಮಾತಿಗೆ ಎಳೆದು, ಪಾಟೀಸವಾಲಿನಲ್ಲಿ ಸುಳ್ಳನ್ನು ಒಂದೊಂದೇ ಎಳೆಯಾಗಿ ಬಿಡಿಸುವ ಆ ಕೋರ್ಟ್ ದೃಶ್ಯಗಳು ಪತ್ತೇದಾರಿಯೇ ಸರಿ. ಭೂತಗನ್ನಡಿಯ ಕೆಲಸವನ್ನು ಪ್ರಶ್ನೆ ಮಾಡುತ್ತದೆ. ಜಾನ್ ಮಂಚ್‌ಗೆ ಕನ್ನಡದಲ್ಲಿ ಒಬ್ಬ ಜೊತೆಗಾರನಿದ್ದರೆ ಅವರು ಸಿ.ಎಸ್.ಪಿ. ಇದಕ್ಕೆ ಸಿಗಬೇಕಾದ ಮನ್ನಣೆ ನಮ್ಮ ಟಿವಿ ಚರಿತ್ರೆಯಲ್ಲಿ ಇನ್ನೂ ಸಿಕ್ಕಿಲ್ಲ.

ನಿಜವಾದ ಪತ್ತೇದಾರಿ ಸಂಗಮಕ್ಕೆ ನೆಲ ಬೇಕೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳಿಗಿಂತ ಒಳ್ಳೆಯದು ಎಲ್ಲಿದೆ? ತುಮಕೂರು ಜಿಲ್ಲೆಯೊಳಗೇ ಇದ್ದರೂ ಇವು ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿ ಬೇರೆ ಗುರುತು ಪಡೆದಿವೆ. ಪಾವಗಡದ ಮೂರು ಕಡೆ ಆಂಧ್ರ. ಆಂಧ್ರದ ಮಡಕಶಿರಾ ಸೀಮೆ ನಮ್ಮ ತಾಲ್ಲೂಕುಗಳ ನಡುವೆ ಒಳಚಾಚಿಕೊಂಡಿದೆ. ಸಂತೆ, ನೆಂಟಸ್ತಿಕೆ, ಸಿನಿಮಾ ಎಲ್ಲಕ್ಕೂ ಜನ ಗಡಿ ದಾಟುತ್ತಾರೆ. ಒಂದೇ ಮನೆಯಲ್ಲಿ ತೆಲುಗು, ಕನ್ನಡ ಎರಡೂ ಓಡಾಡುತ್ತವೆ. ಶಿರಾದ ಹೆದ್ದಾರಿ ಬದಿಯಲ್ಲಿ ಕಳುವಾದ ಲಾರಿ ಮಡಕಶಿರಾದಲ್ಲಿ ಸಿಕ್ಕಿತು, ಚಾಲಕನ ಹೆಣ ಪಾವಗಡದ ಕೆರೆಯಂಗಳದಲ್ಲಿ ಸಿಕ್ಕಿತು ಎಂದು ಕಲ್ಪಿಸಿಕೊಳ್ಳಿ. ಕನ್ನಡದ ಒಂದು ಸರಣಿಯ ಇನ್‌ಸ್ಪೆಕ್ಟರು, ತೆಲುಗಿನ ಒಂದು ಸರಣಿಯ ಸರ್ಕಲ್ಲು ಒಂದೇ ಹೆಣದ ಮುಂದೆ ನಿಲ್ಲುತ್ತಾರೆ. ಒಬ್ಬರ ಬಳಿ ಲಾರಿ, ಇನ್ನೊಬ್ಬರ ಬಳಿ ಹೆಣ. ಸಾಕ್ಷಿ ಹೇಳುವ ಅಜ್ಜಿ ಇಬ್ಬರಿಗೂ ಅವರವರ ಭಾಷೆಯಲ್ಲೇ ಉತ್ತರ ಕೊಡುತ್ತಾಳೆ, ಆದರೆ ಎರಡು ಉತ್ತರಗಳೂ ಒಂದೇ ಅಲ್ಲ.

ಕಾನೂನೂ ಕಥೆಗಾರರಿಗೆ ನೆರವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಪೊಲೀಸರು ನೇರವಾಗಿ ತನಿಖೆಗೆ ಇಳಿಯಬಹುದಾದ ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಅನ್ನುವುದು. ನಮ್ಮ ಸರಹದ್ದಲ್ಲ ಎಂದು ಠಾಣೆಯವರು ವಾಪಸು ಕಳಿಸುವಂತಿಲ್ಲ. ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ದಾಟಿಸಬೇಕು. ಒಂದು ಠಾಣೆಯ ಕಡತ ಇನ್ನೊಂದಕ್ಕೆ ಹೋಗುವ ಆ ಗಳಿಗೆಯಲ್ಲೇ ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾಗಬಹುದು. ಅಪರಾಧದ ಒಂದು ಭಾಗ ಒಂದು ಹದ್ದಿನಲ್ಲಿ, ಮತ್ತೊಂದು ಭಾಗ ಮತ್ತೊಂದು ಹದ್ದಿನಲ್ಲಿ ನಡೆದಿದ್ದರೆ ಎರಡರಲ್ಲಿ ಯಾವ ನ್ಯಾಯಾಲಯವಾದರೂ ವಿಚಾರಣೆ ನಡೆಸಬಹುದು ಎಂದು 198ನೇ ಕಲಮು ಹೇಳುತ್ತದೆ. ಹಾಗಾದರೆ ಈ ಲಾರಿ ಚಾಲಕನ ಕೇಸು ಮಧುಗಿರಿಯ ನ್ಯಾಯಾಲಯಕ್ಕೆ ಬರಬೇಕೋ ಗಡಿಯಾಚೆ ನಡೆಯಬೇಕೋ ಎಂಬುದೇ ಮೊದಲ ವಾದವಾಗುತ್ತದೆ. ಆ ವಾದ ಮಂಡಿಸಲು ಗೌರಿಬಿದನೂರಿನ ದಾರಿಯಿಂದ ಸಿ.ಎಸ್.ಪಿ. ಬರಬೇಕು.