ಗಟ್ಟಿಯೂ ಇರಬೇಕು, ಕೊಳೆಯಲೂ ಬೇಕು: ಪ್ಯಾಕೆಟ್ಟಿನೊಳಗಿನ ನ್ಯಾನೋ ಜೇಡಿಮಣ್ಣು

ಕ್ಯಾಂಟೀನಿನಲ್ಲಿ ಹತ್ತು ರೂಪಾಯಿ ಕೊಟ್ಟು ತಗೊಳ್ಳೋ ಚಿಪ್ಸ್ ಪ್ಯಾಕೆಟ್ಟನ್ನು ಒಮ್ಮೆ ಎಂಜಿನಿಯರ್ ಕಣ್ಣಿನಿಂದ ನೋಡೋಣ. ಚಿಪ್ಸ್ ಹತ್ತು ನಿಮಿಷದಲ್ಲಿ ಖಾಲಿ. ಆದರೆ ಆ ಪ್ಯಾಕೆಟ್ ತಿಂಗಳುಗಟ್ಟಲೆ ತೇವವನ್ನೂ ಆಮ್ಲಜನಕವನ್ನೂ ಹೊರಗಿಡಬೇಕು, ಲಾರಿಯಲ್ಲಿ ಎತ್ತಿ ಹಾಕಿದರೂ ಹರಿಯಬಾರದು, ಯಂತ್ರ ಬಿಸಿ ಒತ್ತಿದ ಕೂಡಲೇ ಅಂಟಿಕೊಳ್ಳಬೇಕು. ಇದಕ್ಕಾಗಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪದರಗಳ ನಡುವೆ ಅಲ್ಯೂಮಿನಿಯಂನ ತೀರಾ ತೆಳು ಲೇಪ ಇರುತ್ತೆ. ಕೆಲಸ ಚೆನ್ನಾಗೇ ಮಾಡುತ್ತೆ. ತೊಂದರೆ ಏನಂದ್ರೆ, ಚಿಪ್ಸ್ ಮುಗಿದ ಮೇಲೂ ಅದು ಹಾಗೇ ಉಳಿಯುತ್ತೆ. ಪದರ ಬಿಡಿಸಿ ರೀಸೈಕಲ್ ಮಾಡೋದು ಕಷ್ಟ. ಕೊಳೆಯೋದಂತೂ ದೂರದ ಮಾತು.

ಹಾಗಾದ್ರೆ ಕೊಳೆಯುವ ಪ್ಲಾಸ್ಟಿಕ್ ಬಳಸಬಹುದಲ್ವಾ? ಬಳಸಬಹುದು. ಆದರೆ ಗಟ್ಟಿತನ ಮತ್ತು ಕೊಳೆಯುವಿಕೆ ಎರಡೂ ಒಂದೇ ವಸ್ತುವಿನಲ್ಲಿ ಬೇಕು ಅಂದಾಗ ಕಥೆ ಸ್ವಲ್ಪ ಸಂಕೀರ್ಣವಾಗುತ್ತೆ. ಪ್ರಾಜೆಕ್ಟಿಗೆ ಈ ವಿಷಯ ಹಿಡಿಯೋ ಗೆಳೆಯರಿಗೂ, ಫೆಸ್ಟಿಗೆ "ಬಯೋಡಿಗ್ರೇಡಬಲ್" ಕವರ್ ತರಿಸೋ ಕಮಿಟಿಯವರಿಗೂ ಉಪಯೋಗವಾಗಲಿ ಅಂತ ಇದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಒಬ್ಬ ಬಿರುಸು, ಒಬ್ಬ ಮೆತ್ತಗೆ

ಮೊದಲನೆಯವನು ಪಿಎಲ್‌ಎ, ಅಂದರೆ ಪಾಲಿಲ್ಯಾಕ್ಟಿಕ್ ಆಸಿಡ್. ನಮ್ಮ 3ಡಿ ಪ್ರಿಂಟರ್ ಲ್ಯಾಬಿನಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿರುವ ಅದೇ ಫಿಲಮೆಂಟ್. ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಬ್ಯಾಕ್ಟೀರಿಯಾ ಹುದುಗಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತೆ. ಮೊಸರಿಗೆ ಹುಳಿ ಕೊಡೋದೂ ಇದೇ ಆಮ್ಲ. ಅದನ್ನು ಸರಪಳಿಯಾಗಿ ಜೋಡಿಸಿದರೆ ಪಿಎಲ್‌ಎ. ಎಳೆಯುವ ಬಲ ತಡೆಯೋದರಲ್ಲಿ ಗಟ್ಟಿಗ, 50ರಿಂದ 70 ಮೆಗಾಪ್ಯಾಸ್ಕಲ್ ತನಕ ತಾಳುತ್ತೆ. ಆದರೆ ಹಿಗ್ಗೋದು ಬರೀ 5% ಆಸುಪಾಸು. ಆಮೇಲೆ ಹಪ್ಪಳದ ಹಾಗೆ ಪಟ್ ಅಂತ ಮುರಿಯುತ್ತೆ. ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆದುವಾಗುತ್ತೆ, ಹಾಗಾಗಿ ಬರೀ ಪಿಎಲ್‌ಎ ಲೋಟಕ್ಕೆ ಬಿಸಿ ಬಿಸಿ ಕಾಫಿ ಹಾಕೋ ಹಾಗಿಲ್ಲ. ನೀರಾವಿಯನ್ನು ತಡೆಯೋದರಲ್ಲೂ ಅದು ಪಾಲಿಥಿನ್‌ಗಿಂತ ಹಿಂದೆ.

ಎರಡನೆಯವನು ಪಿಬಿಎಟಿ. ಇದರ ಕಚ್ಚಾವಸ್ತು ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಬರುತ್ತೆ. ಆದರೂ ಸರಪಳಿಯಲ್ಲಿರುವ ಅಡಿಪಿಕ್ ಆಮ್ಲದ ಕೊಂಡಿಗಳನ್ನು ಸೂಕ್ಷ್ಮಜೀವಿಗಳು ಕತ್ತರಿಸಬಲ್ಲವು, ಅದಕ್ಕೇ ಕೊಳೆಯುತ್ತೆ. ಎಲ್ಲಿಂದ ಬಂತು ಅನ್ನೋದು ಬೇರೆ, ಕೊಳೆಯುತ್ತಾ ಅನ್ನೋದು ಬೇರೆ. ಈ ಎರಡನ್ನು ಕಲಸಬೇಡಿ, ವೈವಾದಲ್ಲಿ ಖಂಡಿತ ಕೇಳ್ತಾರೆ. ಪಿಬಿಎಟಿ ರಬ್ಬರಿನ ಹಾಗೆ ತನ್ನ ಉದ್ದದ ಐದು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತೆ, ಆದರೆ ಬಿಗಿತನ ಇಲ್ಲ.

ಬಿರುಸಿನವನಿಗೆ ಮೆತ್ತಗಿನವನನ್ನು ಜೋಡಿ ಮಾಡಿದರೆ ಒಳ್ಳೆಯ ಫಿಲ್ಮ್ ಬರಬೇಕಲ್ವಾ? ಇಂಥ ಮಿಶ್ರಣಗಳು ಮಾರುಕಟ್ಟೆಯಲ್ಲಿ ಈಗಾಗಲೇ ಇವೆ. ಕಾಂಪೋಸ್ಟಬಲ್ ಅಂತ ಮಾರುವ ಎಷ್ಟೋ ಕ್ಯಾರಿ ಬ್ಯಾಗುಗಳು ಪಿಬಿಎಟಿ ಜೊತೆಗೆ ಪಿಎಲ್‌ಎ ಅಥವಾ ಪಿಷ್ಟ ಸೇರಿಸಿದವೇ.

ಬೆರೆಯದ ಸಂಸಾರ

ಆದರೆ ಇವೆರಡೂ ತಾವಾಗಿ ಬೆರೆಯೋದಿಲ್ಲ. ಥರ್ಮೋಡೈನಾಮಿಕ್ಸ್ ನೆನಪಿಸಿಕೊಳ್ಳಿ: ಬೆರೆಯೋದಕ್ಕೆ ದೊಡ್ಡ ಸಹಾಯ ಎಂಟ್ರೊಪಿಯದ್ದು. ಸಕ್ಕರೆಯ ಪುಟ್ಟ ಅಣುಗಳು ನೀರಿನಲ್ಲಿ ಹರಡಿದಾಗ ಎಂಟ್ರೊಪಿ ಬಹಳ ಏರುತ್ತೆ. ಉದ್ದುದ್ದ ಪಾಲಿಮರ್ ಸರಪಳಿಗಳು ಬೆರೆತರೆ ಆ ಲಾಭ ನಗಣ್ಯ. ಹೀಗಾಗಿ ಒಂದು ಪಾಲಿಮರ್ ಇನ್ನೊಂದರೊಳಗೆ ಹನಿ ಹನಿಯಾಗಿ ನಿಲ್ಲುತ್ತೆ. ಹನಿಯ ಅಂಚಿನಲ್ಲಿ ಹಿಡಿತ ಇಲ್ಲ. ಎಳೆದರೆ ಬಿರುಕು ಅಲ್ಲಿಂದಲೇ ಶುರು.

ಇದಕ್ಕೆ ಒಂದು ದಾರಿ, ಎಪಾಕ್ಸಿ ಗುಂಪುಗಳಿರುವ ಸಣ್ಣ ಅಣುಗಳನ್ನು ಸೇರಿಸಿ ಎರಡೂ ಕಡೆಯ ಸರಪಳಿ ತುದಿಗಳನ್ನು ಹೊಲಿಯೋದು. ಇನ್ನೊಂದು ದಾರಿ ನ್ಯಾನೋಕಣ. ಅದು ಹನಿಗಳ ಅಂಚಿನಲ್ಲಿ ಕೂತರೆ ಹನಿಗಳು ಮತ್ತೆ ಒಂದಾಗಿ ದೊಡ್ಡದಾಗೋದನ್ನು ತಡೆಯುತ್ತೆ. ಎರಡೂ ದಾರಿಗಳನ್ನು ಜೊತೆಗೇ ಬಳಸಲೂಬಹುದು.

ಇಸ್ಪೀಟು ಕಟ್ಟಿನಂಥ ಮಣ್ಣು

ಮಣ್ಣಿನ ಗೋಡೆಗೆ ಹುಲ್ಲು ತುಳಿದು ಸೇರಿಸೋದು ನಮ್ಮ ಹಳ್ಳಿಗಳಿಗೆ ಗೊತ್ತಿರುವ ಕಾಂಪೋಸಿಟ್. ಇಲ್ಲಿ ಅದರ ಉಲ್ಟಾ: ಪಾಲಿಮರ್‌ಗೆ ಮಣ್ಣು ಸೇರಿಸ್ತೀವಿ. ಮಣ್ಣಿನ ಹೆಸರು ಮಾಂಟ್ಮೊರಿಲೊನೈಟ್, ಬೆಂಟೊನೈಟ್‌ನ ಮುಖ್ಯ ಖನಿಜ. ಇದರ ರಚನೆ ಇಸ್ಪೀಟು ಕಟ್ಟಿನ ಹಾಗೆ. ಒಂದೊಂದು ಎಲೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಅಗಲ ನೂರಾರು ನ್ಯಾನೋಮೀಟರ್. ಕಟ್ಟನ್ನು ಪೂರ್ತಿ ಬಿಡಿಸಿದರೆ ಒಂದು ಗ್ರಾಂ ಮಣ್ಣಿಗೆ ಸುಮಾರು 750 ಚದರ ಮೀಟರ್ ಮೇಲ್ಮೈ. ಅಂದರೆ ಒಂಬತ್ತು ಬ್ಯಾಡ್ಮಿಂಟನ್ ಕೋರ್ಟ್! 1980ರ ದಶಕದಲ್ಲಿ ಜಪಾನಿನ ಟೊಯೋಟಾ ಸಂಶೋಧಕರು ನೈಲಾನ್‌ಗೆ ಇಂಥ ಜೇಡಿ ಸೇರಿಸಿ, ಸ್ವಲ್ಪ ಮಣ್ಣಿನಿಂದಲೇ ಬಿಗಿತನವೂ ಶಾಖ ತಾಳಿಕೆಯೂ ಏರುತ್ತೆ ಅಂತ ತೋರಿಸಿದರು. ಈ ಕ್ಷೇತ್ರ ಬೆಳೆದದ್ದು ಅಲ್ಲಿಂದ.

ಪ್ಯಾಕೇಜಿಂಗಿಗೆ ಇದರಿಂದ ಇರುವ ದೊಡ್ಡ ಲಾಭ ತಡೆಗೋಡೆ. ಆಮ್ಲಜನಕದ ಅಣು ಬರೀ ಪಾಲಿಮರ್ ಆದರೆ ನೇರವಾಗಿ ದಾಟುತ್ತೆ. ನಡುವೆ ಜೇಡಿಯ ಎಲೆಗಳು ಅಡ್ಡಡ್ಡ ಮಲಗಿದ್ದರೆ, ಸಂತೆ ದಿನ ಅಂಗಡಿಗಳ ಮಧ್ಯೆ ದಾರಿ ಹುಡುಕುವವರ ಹಾಗೆ ಸುತ್ತಿ ಸುತ್ತಿ ಹೋಗಬೇಕು.

ಇದಕ್ಕೆ ನೀಲ್ಸನ್ 1967ರಲ್ಲಿ ಕೊಟ್ಟ ಸರಳ ಸೂತ್ರ ಇದೆ. 1ರಿಂದ ಜೇಡಿಯ ಗಾತ್ರದ ಪಾಲನ್ನು ಕಳೆಯಿರಿ, ಅದು ಅಂಶ. ಅದೇ ಪಾಲನ್ನು ಎಲೆಯ ಅಗಲ ಮತ್ತು ದಪ್ಪದ ಅನುಪಾತದಿಂದ ಗುಣಿಸಿ, ಅರ್ಧ ಮಾಡಿ, 1 ಕೂಡಿಸಿ, ಅದು ಛೇದ. ಗಾತ್ರದಲ್ಲಿ 3% ಜೇಡಿ, ಅನುಪಾತ 100 ಅಂತಿಟ್ಟುಕೊಳ್ಳಿ. 0.97 ಭಾಗಿಸು 2.5, ಅಂದರೆ 0.39. ಅನಿಲ ನುಸುಳೋದು 39%ಗೆ ಇಳಿಯಿತು. ಈಗ ಎಲೆಗಳು ಬಿಡದೆ ಹತ್ತು ಹತ್ತು ಅಂಟಿಕೊಂಡಿವೆ, ಅನುಪಾತ 10 ಆಯ್ತು ಅನ್ನಿ. 0.97 ಭಾಗಿಸು 1.15, ಅಂದರೆ 0.84. ಹಾಕಿದ ಮಣ್ಣು ಅಷ್ಟೇ, ಲಾಭ ಮಾತ್ರ ಎಲ್ಲೋ ಹೋಯ್ತು. ಒಂದು ಎಚ್ಚರ: ಸೂತ್ರದಲ್ಲಿರೋದು ಗಾತ್ರದ ಪಾಲು. ಜೇಡಿಯ ಸಾಂದ್ರತೆ ಪಾಲಿಮರ್‌ನ ಎರಡು ಪಟ್ಟಿಗಿಂತ ಹೆಚ್ಚಿರೋದರಿಂದ ತೂಕದ ಲೆಕ್ಕದಲ್ಲಿ ಇದು ಸುಮಾರು 6% ಆಗುತ್ತೆ.

ಮುದ್ದೆಯ ಗಂಟು

ರಾಗಿ ಮುದ್ದೆ ಮಾಡಿದವರಿಗೆ ಗೊತ್ತು, ಹಿಟ್ಟು ಹಾಕೋದು ಸುಲಭ, ಗಂಟಿಲ್ಲದಂತೆ ತಿರುವೋದೇ ವಿದ್ಯೆ. ನ್ಯಾನೋಕಣದ ಪಾಡೂ ಅದೇ. ಜೇಡಿಗೆ ನೀರು ಇಷ್ಟ, ಪಾಲಿಮರ್ ಅಷ್ಟಕ್ಕಷ್ಟೆ. ಅದಕ್ಕೆ ಪದರಗಳ ನಡುವಿನ ಸೋಡಿಯಂ ತೆಗೆದು, ಉದ್ದ ಬಾಲದ ಅಮೋನಿಯಂ ಲವಣ ಕೂರಿಸಿ ಸಂದು ಅಗಲ ಮಾಡ್ತಾರೆ. ಆಮೇಲೆ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್‌ನಲ್ಲಿ ಕರಗಿದ ಪಾಲಿಮರ್ ಜೊತೆ ತಿರುವುತ್ತಾರೆ. ಹೆಚ್ಚು ಬಿಸಿ, ಹೆಚ್ಚು ಹೊತ್ತು ಆದರೆ ಪಿಎಲ್‌ಎ ಸರಪಳಿಯೇ ತುಂಡಾಗುತ್ತೆ. ಒಣಗಿಸದೆ ಹಾಕಿದರೂ ಅದೇ ಗತಿ, ತೇವವೇ ಕತ್ತರಿ ಆಗುತ್ತೆ.

ಎಲೆಗಳು ಬಿಟ್ಟವಾ ಅಂತ ನೋಡೋದಕ್ಕೆ ಎಕ್ಸ್‌ರೇ ಡಿಫ್ರಾಕ್ಷನ್ ಇದೆ. ತಾಮ್ರದ ಕಿರಣದಲ್ಲಿ 1.8 ನ್ಯಾನೋಮೀಟರ್ ಅಂತರಕ್ಕೆ ಶಿಖರ ಸುಮಾರು 4.9 ಡಿಗ್ರಿಯಲ್ಲಿ ಬರಬೇಕು, ಬ್ರ್ಯಾಗ್ ನಿಯಮ ಹಾಕಿ ನೋಡಿ. ಪಾಲಿಮರ್ ಒಳಗೆ ಹೊಕ್ಕರೆ ಶಿಖರ ಕಡಿಮೆ ಕೋನಕ್ಕೆ ಸರಿಯುತ್ತೆ. ಎಲೆಗಳು ಪೂರ್ತಿ ಬಿಟ್ಟರೆ ಮಾಯವಾಗುತ್ತೆ. ಆದರೆ ಜೇಡಿ ತೀರಾ ಕಡಿಮೆ ಇದ್ದರೂ ಶಿಖರ ಕಾಣದೆ ಇರಬಹುದು, ಅದಕ್ಕೇ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರವೂ ಬೇಕು.

ಜೇಡಿ ಬಿಟ್ಟರೆ ಬೇರೆ ಕಣಗಳೂ ಇವೆ. ಸತುವಿನ ಆಕ್ಸೈಡ್ ಬ್ಯಾಕ್ಟೀರಿಯಾ ತಡೆಯುತ್ತೆ, ಆದರೆ ಮೇಲ್ಮೈಗೆ ಲೇಪ ಕೊಡದೆ ಹಾಕಿದರೆ ಕರಗಿಸುವಾಗಲೇ ಪಿಎಲ್‌ಎಯನ್ನು ಒಡೆದು ಹಾಕುತ್ತೆ. ಕಬ್ಬಿನ ಸಿಪ್ಪೆಯಂಥ ಕೃಷಿ ತ್ಯಾಜ್ಯದಿಂದ ತೆಗೆಯಬಹುದಾದ ನ್ಯಾನೋ ಸೆಲ್ಯುಲೋಸ್ ಸ್ವತಃ ಕೊಳೆಯುತ್ತೆ, ಆದರೆ ಒಣಗಿದ ಕೂಡಲೇ ಗಂಟು ಕಟ್ಟುತ್ತೆ. ಎಲ್ಲಕ್ಕೂ ಒಂದೊಂದು ಷರತ್ತು.

ಕೊನೆಗೆ ಕೊಳೆಯುತ್ತಾ?

ಇದೇ ಅಸಲಿ ಪ್ರಶ್ನೆ. ಕಾಂಪೋಸ್ಟಬಲ್ ಪ್ಲಾಸ್ಟಿಕ್‌ಗೆ ಭಾರತದಲ್ಲಿ ಐಎಸ್/ಐಎಸ್‌ಒ 17088 ಮಾನದಂಡ ಇದೆ. ಸ್ಥೂಲವಾಗಿ ಹೇಳಿದರೆ, 58 ಡಿಗ್ರಿ ಸುಮಾರಿನ ಕಾಂಪೋಸ್ಟಿನಲ್ಲಿ 180 ದಿನದೊಳಗೆ ಅದರ 90% ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಬೇಕು. ಲೋಹಗಳ ಪ್ರಮಾಣಕ್ಕೂ ಮಿತಿ ಇದೆ, ಹಾಗಾಗಿ ಸತು ಹಾಕುವವರು ಅದನ್ನೂ ನೋಡಬೇಕು.

58 ಡಿಗ್ರಿ ಅನ್ನೋದನ್ನು ಗಮನಿಸಿ. ಪಿಎಲ್‌ಎ ಮೆದುವಾಗೋದೂ ಅಲ್ಲೇ. ಮೆದುವಾದಾಗ ನೀರು ಒಳಹೊಕ್ಕು ಸರಪಳಿ ತುಂಡು ಮಾಡುತ್ತೆ, ಆಮೇಲೆ ಸೂಕ್ಷ್ಮಜೀವಿಗಳ ಊಟ. ಹಾಸ್ಟೆಲ್ ಹಿಂದಿನ ಗುಂಡಿಯಲ್ಲಿ, 25 ಡಿಗ್ರಿ ಮಣ್ಣಿನಲ್ಲಿ ಅದೇ ಲೋಟ ವರ್ಷಗಟ್ಟಲೆ ಹಾಗೇ ಕೂರಬಹುದು. ಇನ್ನು ಜೇಡಿ ಸೇರಿಸಿದರೆ? ನೀರಿಗೆ ಅಡ್ಡ ನಿಂತು ನಿಧಾನ ಮಾಡಲೂಬಹುದು, ತನ್ನ ಹೈಡ್ರಾಕ್ಸಿಲ್ ಗುಂಪುಗಳಿಂದ ನೀರನ್ನು ಎಳೆದುಕೊಂಡು ಬೇಗ ಮಾಡಲೂಬಹುದು. ಹಾಗಾಗಿ ಬಿಗಿತನ ಇಷ್ಟು ಏರಿತು ಅಂತ ಗ್ರಾಫ್ ಹಾಕಿ ರಿಪೋರ್ಟ್ ಮುಗಿಸಿದರೆ ಅರ್ಧ ಕೆಲಸ ಅಷ್ಟೇ. ಕೊಳೆಯುವ ಪರೀಕ್ಷೆ ಇಲ್ಲದೆ ಶೀರ್ಷಿಕೆಯಲ್ಲಿ "ಬಯೋಡಿಗ್ರೇಡಬಲ್" ಅಂತ ಬರೆಯೋ ಹಕ್ಕು ನಮಗಿಲ್ಲ.

ಫೆಸ್ಟ್ ಕಮಿಟಿಯವರೇ, ಕೇಳಿ

ಕವರ್ ಕೊಳ್ಳುವಾಗ "ಪರಿಸರಸ್ನೇಹಿ" ಅನ್ನೋ ಹಸಿರು ಎಲೆಯ ಚಿತ್ರ ನಂಬಬೇಡಿ. "ಕಾಂಪೋಸ್ಟಬಲ್" ಅಂತ ಮುದ್ರೆ ಇದೆಯಾ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇದೆಯಾ ಅಂತ ಕೇಳಿ. "ಆಕ್ಸೋ ಡಿಗ್ರೇಡಬಲ್" ಅಂದರೆ ದೂರ ಇರಿ. ಅದು ಚೂರು ಚೂರಾಗುವ ಮಾಮೂಲಿ ಪ್ಲಾಸ್ಟಿಕ್, ಐರೋಪ್ಯ ಒಕ್ಕೂಟ 2019ರ ನಿರ್ದೇಶನದಲ್ಲಿ ಅದನ್ನು ನಿಷೇಧಿಸಿದೆ.

ಕೊಂಡ ಮೇಲೆ ಎಲ್ಲಿ ಹಾಕ್ತೀರಿ ಅನ್ನೋದೂ ಅಷ್ಟೇ ಮುಖ್ಯ. ಪಿಎಲ್‌ಎ ಲೋಟವನ್ನು ನೀರಿನ ಬಾಟಲಿಗಳ ಜೊತೆ ಒಣಕಸಕ್ಕೆ ಹಾಕಿದರೆ, ಎರಡೂ ನೀರಿನಲ್ಲಿ ಮುಳುಗುವುದರಿಂದ ತೇಲಿಸಿ ಬೇರೆ ಮಾಡಲಾಗಲ್ಲ. ಬಾಟಲಿ ಕರಗಿಸುವ 260 ಡಿಗ್ರಿ ಆಸುಪಾಸಿನಲ್ಲಿ ಪಿಎಲ್‌ಎ ಕೆಟ್ಟು ಇಡೀ ಬ್ಯಾಚ್ ಹಾಳು ಮಾಡುತ್ತೆ. ಹಸಿಕಸದ ಜೊತೆ ಬಿಸಿ ಕಾಂಪೋಸ್ಟ್ ಘಟಕಕ್ಕೇ ಹೋಗಬೇಕು, ಅಲ್ಲಿನವರು ತಗೊಳ್ತಾರಾ ಅಂತ ಮೊದಲೇ ವಿಚಾರಿಸಿ. ತಗೊಳ್ಳಲ್ಲ ಅಂದ್ರೆ ಸ್ಟೀಲ್ ಲೋಟ ಬಾಡಿಗೆಗೆ ತನ್ನಿ, ಊಟಕ್ಕೆ ಬಾಳೆಲೆಯೋ ಮುತ್ತುಗದ ಎಲೆಯೋ ಹಾಕಿ. ಅವಕ್ಕೆ ಯಾವ ಪ್ರಮಾಣಪತ್ರವೂ ಬೇಡ.

ನ್ಯಾನೋ ಮಿಶ್ರಣಗಳ ಅಗತ್ಯ ಇರೋದು ಬಾಳೆಲೆ ಸಾಲದ ಕಡೆ: ತಿಂಗಳುಗಟ್ಟಲೆ ಗರಿಗರಿ ಇರಬೇಕಾದ ತಿಂಡಿ, ಔಷಧ, ಬೀಜದ ಪೊಟ್ಟಣ. ಅಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟು ಬಾಕಿ ಇದೆ. ಮೆಕ್ಯಾನಿಕಲ್, ಕೆಮಿಕಲ್, ಬಯೋಟೆಕ್‌ನವರು ಒಟ್ಟಿಗೆ ಕೂತರೆ ಒಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತೆ. ಯಾರಾದ್ರೂ ಶುರು ಮಾಡಿದರೆ ಫಲಿತಾಂಶ ನಮಗೂ ಬರೆದು ಕೊಡಿ, ಕನ್ನಡದಲ್ಲೇ.